ಕೊಟ್ಟಿಗೆಯಿಂದ ಕೊಟ್ಟಿಗೆಗೆ 350 ಸಿಸಿ

"ಡಾಕ್ಟ್ರೇ, ನಾನೂ ನಿಮ್ಮಂಥದೇ ಗಾಡಿ ತಗೊಂಡ್ರೆ ಆಗ್ತದಾ?"

ಆರಿದ್ರಾ ಮಳೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ, ಕೊಟ್ಟಿಗೆಯ ಬಾಗಿಲಲ್ಲಿ ಕೈ ತೊಳೆಯುತ್ತಿದ್ದಾಗ ಈ ಪ್ರಶ್ನೆ ಬಂತು. ಕೇಳಿದವಳು ನಮ್ಮ ಕಡೆಯ ಒಬ್ಬ ಪಶುಸಖಿ. ಊರಿನ ದನಕರುಗಳ ಲೆಕ್ಕ ಇಡುವುದು, ಜಂತುಹುಳದ ಔಷಧಿ ತಲುಪಿಸುವುದು, ಕಾಲುಬಾಯಿ ಜ್ವರದ ಲಸಿಕೆಯ ದಿನ ನಮ್ಮ ಜೊತೆ ಮನೆಮನೆ ಸುತ್ತುವುದು ಅವಳ ಕೆಲಸ. ಚೊಂಬಿನಿಂದ ನನ್ನ ಕೈಗೆ ನೀರು ಹಾಕುತ್ತಿದ್ದರೂ ಅವಳ ಕಣ್ಣು ಅಂಗಳದಲ್ಲಿ ನೆನೆಯುತ್ತಿದ್ದ ಬೈಕಿನ ಮೇಲೆಯೇ ಇತ್ತು.

"ನಿನ್ನ ದಾರಿ ಒಂದ್ಸಲ ನೋಡ್ತೀನಿ. ಆಮೇಲೆ ಹೇಳ್ತೀನಿ" ಅಂದೆ.

ನಾನು ತೀರ್ಥಹಳ್ಳಿ ಸೀಮೆಯ ಪಶುವೈದ್ಯೆ. 2021ರಲ್ಲಿ ಒಂದು ಮೀಟಿಯರ್ 350 ಬೈಕು ಕೊಂಡೆ. ಅದರ ಮೀಟರು ಈಗ 50,000 ಕಿಲೋಮೀಟರ್ ದಾಟಿದೆ. ಅಷ್ಟೂ ದೂರ ಓಡಿದ್ದು ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಕೊಟ್ಟಿಗೆಗೆ, ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ. ಈ ತರಗತಿಯ ಬೈಕುಗಳ ಜಾಹೀರಾತಿನಲ್ಲಿ ಯಾವಾಗಲೂ ಹಿಮದ ಬೆಟ್ಟ, ಮರಳುಗಾಡು, ಕಣ್ಣು ಹಾಯುವಷ್ಟು ದೂರ ಖಾಲಿ ರಸ್ತೆ ಕಾಣುತ್ತವೆ. ಕೊಳ್ಳುವವರಲ್ಲಿ ಹೆಚ್ಚಿನವರಿಗೆ ಮಾತ್ರ ಬೇಕಾಗಿರುವುದು ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಕ್ಷೇಮವಾಗಿ ಮನೆ ಸೇರುವ ಗಾಡಿ. ಅಂಥವರಿಗೆ ಹೇಳಲು ನನ್ನಲ್ಲಿ ಒಂದೇ ಒಂದು ಮಾತಿದೆ: ಬೈಕನ್ನು ನಿಮ್ಮ ದಿನದ ಅತಿ ಕಷ್ಟದ ಐದು ನಿಮಿಷ ನೋಡಿ ಆರಿಸಿ. ಉಳಿದ ಹೊತ್ತನ್ನು ಯಾವ ಬೈಕಾದರೂ ಕಳೆಸಿಕೊಡುತ್ತದೆ.

ಮಧ್ಯಮ ಅಂದರೆ ಎಷ್ಟು?

ಸಿಸಿ ಅಂದರೆ ಇಂಜಿನ್ನಿನೊಳಗೆ ಪಿಸ್ಟನ್ ಒಮ್ಮೆ ಮೇಲೆ ಕೆಳಗೆ ಆಡಿದಾಗ ತೆರೆದುಕೊಳ್ಳುವ ಜಾಗ. ನನ್ನ ಬೈಕಿನದು 349 ಸಿಸಿ, ಲೀಟರಿನ ಮೂರನೇ ಒಂದು ಭಾಗಕ್ಕಿಂತ ಚೂರು ಹೆಚ್ಚು. ನಮ್ಮ ದೇಶದಲ್ಲಿ 100ರಿಂದ 125 ಸಿಸಿ ಬೈಕುಗಳು ದಿನಬಳಕೆಯವು ಎಂದಾಗಿಬಿಟ್ಟಿವೆ. 250ರಿಂದ 500ರವರೆಗಿನವನ್ನು ನಾವು ಮಧ್ಯಮ ಗಾತ್ರ ಅನ್ನುತ್ತೇವೆ. ಅಮೆರಿಕ, ಯುರೋಪಿನವರ ಲೆಕ್ಕದಲ್ಲಿ ನಮ್ಮ 350 ಚಿಕ್ಕ ಬೈಕು.

ಈ 350 ಎಂಬ ಅಂಕಿಗೆ ನಮ್ಮಲ್ಲಿ ಕಾನೂನಿನ ಗೆರೆಯೂ ಇದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದನ್ನು ದಾಟಿದವಕ್ಕೆ ಶೇ 40 ಆಯಿತು. ವಿಮೆಯಲ್ಲೂ ಹಾಗೆಯೇ. 2022ರಲ್ಲಿ ನಿಗದಿಯಾದ ದರದ ಪ್ರಕಾರ ಥರ್ಡ್ ಪಾರ್ಟಿ ವಿಮೆಗೆ 150ರಿಂದ 350 ಸಿಸಿವರೆಗೆ ವರ್ಷಕ್ಕೆ 1,366 ರೂಪಾಯಿ, 350 ದಾಟಿದರೆ 2,804. 349, 348 ಎಂದು ಗೆರೆಗೆ ತಾಗಿದಂತೆ ಇಂಜಿನ್ನುಗಳು ಬರುವುದನ್ನು ಕಂಡವರು ಈ ಲೆಕ್ಕವನ್ನೂ ನೆನಪಿಟ್ಟುಕೊಳ್ಳಬೇಕು.

ಮೊದಲ ಹೆಜ್ಜೆಗೇ ಎಳೆಯುವ ಎತ್ತು

ಮೊದಲು ನನ್ನ ಬಳಿ ಇದ್ದದ್ದು ಗೇರಿಲ್ಲದ ಸ್ಕೂಟರು. ತಾರು ರಸ್ತೆಯಲ್ಲಿ ಅದರ ಮೇಲೆ ಯಾವ ದೂರೂ ಇರಲಿಲ್ಲ. ತೊಂದರೆ ಶುರುವಾಗುತ್ತಿದ್ದದ್ದು ತಾರು ಮುಗಿದ ಮೇಲೆ. ನಮ್ಮಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ಒಂದು ಮನೆ ಗುಡ್ಡದ ನೆತ್ತಿಯಲ್ಲಿದ್ದರೆ ಇನ್ನೊಂದು ತೋಟದ ತಗ್ಗಿನಲ್ಲಿರುತ್ತದೆ. ನಾನು ದಿನವೂ ಹತ್ತಬೇಕಾದ ಒಂದು ಏರಿದೆ. ಜಂಬಿಟ್ಟಿಗೆ ಮಣ್ಣಿನ ದಾರಿ, ನಡುವೆ ಮಳೆನೀರು ಕೊರೆದ ಅಗಳು, ಎರಡೂ ಬದಿ ಪಾಚಿ. ಬೆನ್ನಿಗೆ ಔಷಧಿಯ ಚೀಲ. ಹಿಂದಿನ ಸೀಟಿನಲ್ಲಿ ಕೃತಕ ಗರ್ಭಧಾರಣೆಗೆ ಬೇಕಾದ ವೀರ್ಯದ ನಳಿಗೆಗಳನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿಸಿಟ್ಟ ಜಾಡಿ. ಅದು ವಾಲಬಾರದು, ಕುಲುಕಬಾರದು, ನೆಟ್ಟಗೆ ನಿಂತಿರಬೇಕು. ನನ್ನ ದಿನದ ಕಷ್ಟದ ಐದು ನಿಮಿಷ ಅಂದರೆ ಆ ಏರು.

ಏರಿಗೆ ಬೇಕಾದದ್ದು ವೇಗ ಅಲ್ಲ, ಎಳೆತ. ಇಂಜಿನ್ನು ಚಕ್ರವನ್ನು ತಿರುಚುವ ಈ ಬಲಕ್ಕೆ ಟಾರ್ಕ್ ಅನ್ನುತ್ತಾರೆ. ಅಳೆಯುವುದು ನ್ಯೂಟನ್ ಮೀಟರಿನಲ್ಲಿ. ನಮ್ಮ ಊರುಗಳಲ್ಲಿ ಮನೆಮಾತಾಗಿರುವ ಸ್ಪ್ಲೆಂಡರಿನ 97.2 ಸಿಸಿ ಇಂಜಿನ್ನು ಸುಮಾರು 8 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ, ಅದೂ ನಿಮಿಷಕ್ಕೆ 6,000 ಸುತ್ತು ತಿರುಗಿದಾಗ. ನನ್ನ ಬೈಕು 4,000 ಸುತ್ತಿಗೇ 27 ಕೊಡುತ್ತದೆ. ಅದರ ಪಿಸ್ಟನ್ನಿನ ಅಗಲ 72 ಮಿಲಿಮೀಟರ್, ಅದು ಓಡಾಡುವ ದೂರ 85.8 ಮಿಲಿಮೀಟರ್. ಉದ್ದ ಹೊಡೆತದ ಇಂಥ ಇಂಜಿನ್ನು ತಾರಕಕ್ಕೇರಿ ಕಿರುಚುವುದಿಲ್ಲ, ಕೆಳಗಿನ ಸುತ್ತಿನಲ್ಲೇ ಬಲ ಒದಗಿಸುತ್ತದೆ. ಗಾಡಿ ಹೂಡಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲವು ಎತ್ತುಗಳು ಓಟ ಹತ್ತಿದ ಮೇಲೆ ಚುರುಕು. ಕೆಲವು ನಿಂತ ಗಾಡಿಯನ್ನು ಮೊದಲ ಹೆಜ್ಜೆಗೇ ಎಳೆದು ಹೊರಡುತ್ತವೆ. ಏರಿನ ನಡುವೆ ಎದುರಿಗೆ ಜೀಪು ಬಂದು ನಿಲ್ಲಬೇಕಾಗಿ ಬಂದರೆ ಮತ್ತೆ ಹೊರಡಲು ಈ ಎರಡನೆಯ ಜಾತಿಯದೇ ಬೇಕು. ಕ್ಲಚ್ಚನ್ನು ನಿಧಾನ ಬಿಟ್ಟರೆ ಸಾಕು, ಹಿಂದಿನ ಚಕ್ರ ಮಣ್ಣು ಕೆದಕದೆ ಗಾಡಿ ಮುಂದೆ ಸರಿಯುತ್ತದೆ.

ಶೋಕಿಯ ಗಾಡಿ ಆಗುವ ಮೊದಲು

350 ಅಂದ ಕೂಡಲೆ ಶೋಕಿ ಎನ್ನುವವರಿದ್ದಾರೆ. ನನ್ನ ಬಾಲ್ಯದ ನೆನಪು ಬೇರೆ. ನಮ್ಮ ದೊಡ್ಡಪ್ಪನ ಬಳಿ ಯೆಜ್ಡಿ ಇತ್ತು. ಅಡಿಕೆ ಮಂಡಿಗೆ, ಆಸ್ಪತ್ರೆಗೆ, ನೆಂಟರ ಮನೆಗೆ, ಕೆಲವು ಸಲ ಗದ್ದೆಯ ಅಂಚಿನವರೆಗೂ ಅದೇ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಕಿಕ್ಕರೂ ಗೇರಿನ ಲಿವರೂ ಒಂದೇ. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರು, ಒದ್ದು ಸ್ಟಾರ್ಟ್ ಮಾಡಿ ಮುಂದಕ್ಕೆ ಬಿಟ್ಟರೆ ಗೇರು. ನಾವು ಮಕ್ಕಳು ಸುತ್ತ ನಿಂತು ಅದನ್ನೇ ನೋಡುತ್ತಿದ್ದೆವು.

ಆ ಬೈಕು ಹುಟ್ಟಿದ್ದು ನಮ್ಮ ಮೈಸೂರಿನಲ್ಲಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸಲು ಶುರು ಮಾಡಿತು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. ಜೆಕೊಸ್ಲೊವಾಕಿಯದ ತಂತ್ರಜ್ಞಾನದ ಆ 250 ಸಿಸಿ ಬೈಕು ಮೊದಲು ಜಾವಾ ಎಂದು, ಎಪ್ಪತ್ತರ ದಶಕದಿಂದ ಯೆಜ್ಡಿ ಎಂದು ಮಾರಾಟವಾಯಿತು. ಹಾಲು ಹಾಕುವವರು, ವ್ಯಾಪಾರಿಗಳು, ಕೃಷಿಕರು ಅದನ್ನು ದಿನವೂ ದುಡಿಸಿದರು. 1985ರಲ್ಲಿ ಹೀರೊ ಹೋಂಡಾದ ಸಿಡಿ 100 ಬಂತು. ನಾಲ್ಕು ಸ್ಟ್ರೋಕಿನ ಆ ಚಿಕ್ಕ ಇಂಜಿನ್ನು ಕುಡಿಯುತ್ತಿದ್ದ ಪೆಟ್ರೋಲು ಎಷ್ಟು ಕಡಿಮೆಯೆಂದರೆ, ಬೈಕು ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆಯೇ ಬದಲಾಯಿತು: "ಮೈಲೇಜ್ ಎಷ್ಟು?" 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು. ದೊಡ್ಡ ಇಂಜಿನ್ನಿನ ಬೈಕು ಮನೆಯ ಕೆಲಸದಿಂದ ನಿಧಾನಕ್ಕೆ ಹೊರಬಿದ್ದು ಭಾನುವಾರದ ಗಾಡಿ ಆಯಿತು. ನಾನು ಮಾಡುತ್ತಿರುವುದು ಹೊಸದೇನಲ್ಲ. ದೊಡ್ಡಪ್ಪನ ಬೈಕು ಮಾಡುತ್ತಿದ್ದ ಕೆಲಸವನ್ನೇ ನನ್ನದೂ ಮಾಡುತ್ತಿದೆ.

191 ಕಿಲೋ

ಎಳೆತಕ್ಕೆ ತೆರಬೇಕಾದ ಬೆಲೆ ತೂಕ. ಸ್ಪ್ಲೆಂಡರ್ 112 ಕಿಲೋ, ನನ್ನದು 191. ಓಡುವಾಗ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಗಾಳಿಗೆ ಅಲುಗದೆ, ಗುಂಡಿಗೆ ಹಾರದೆ ನೆಲ ಕಚ್ಚಿ ಓಡುವುದರಿಂದ ತೂಕವೇ ಹಿತ ಅನ್ನಿಸುತ್ತದೆ. ತೂಕ ತಿಳಿಯುವುದು ಬೈಕು ನಿಂತಾಗ, ಅದನ್ನು ತಿರುಗಿಸುವಾಗ, ಹಿಂದಕ್ಕೆ ದೂಡುವಾಗ.

ನನ್ನ ಎತ್ತರ ಐದಡಿ ಮೂರಿಂಚು. ಅದಕ್ಕೇ ಅಂಗಡಿಯಲ್ಲಿ ನಾನು ಮೊದಲು ನೋಡಿದ್ದು ಸೀಟಿನ ಎತ್ತರ. ಮೀಟಿಯರಿನದು 765 ಮಿಲಿಮೀಟರ್. ಅದೇ ಇಂಜಿನ್ನಿನ ಕ್ಲಾಸಿಕ್ 350ರದು 805. ನಡುವಿನ ನಾಲ್ಕು ಸೆಂಟಿಮೀಟರ್ ಕಾಗದದ ಮೇಲೆ ಏನೂ ಅಲ್ಲ. ಬೈಕು ನಿಂತಾಗ ಇಡೀ ಪಾದ ನೆಲಕ್ಕೆ ಊರುತ್ತದೋ, ಬರೀ ಹೆಬ್ಬೆರಳು ತಾಗುತ್ತದೋ ಎಂಬುದನ್ನು ತೀರ್ಮಾನಿಸುವುದು ಅದೇ ನಾಲ್ಕು ಸೆಂಟಿಮೀಟರ್. ಸೀಟಿನ ಅಗಲವೂ ಲೆಕ್ಕಕ್ಕೆ ಬರುತ್ತದೆ. ಅಗಲವಾದ ಸೀಟು ತೊಡೆಯನ್ನು ಹೊರಕ್ಕೆ ತಳ್ಳಿ ಕಾಲನ್ನು ಮೊಟಕು ಮಾಡುತ್ತದೆ. ಹಾಗಾಗಿ ಪುಸ್ತಕದಲ್ಲಿನ ಅಂಕಿ ಓದಿದರೆ ಸಾಲದು, ದಿನವೂ ಹಾಕುವ ಚಪ್ಪಲಿ, ಶೂ ಹಾಕಿಕೊಂಡೇ ಹೋಗಿ ಕೂತು ನೋಡಬೇಕು. ಕೂತು ನೋಡಿದ ಮೇಲೆ ಇಳಿದು, ಇಂಜಿನ್ ಬಂದ್ ಮಾಡಿ, ಇಳಿಜಾರಿರುವ ಕಡೆ ಹತ್ತು ಹೆಜ್ಜೆ ಹಿಂದಕ್ಕೆ ದೂಡಬೇಕು. ಯಾರೂ ಈ ಪರೀಕ್ಷೆ ಮಾಡುವುದಿಲ್ಲ. ಓಡಿಸಿ ನೋಡುತ್ತಾರೆ, ದೂಡಿ ನೋಡುವುದಿಲ್ಲ.

ಈ ಪಾಠ ನನಗೆ ಸಿಕ್ಕಿದ್ದು ಎರಡನೇ ಮಳೆಗಾಲದಲ್ಲಿ. ಕರು ಅಡ್ಡ ಸಿಕ್ಕಿಕೊಂಡಿದೆ ಎಂಬ ಫೋನು ಬಂದು ರಾತ್ರಿ ಹೊರಟಿದ್ದೆ. ಉಣುಗೋಲು ದಾಟಿ, ಅಂಗಳದಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ಕೊಟ್ಟಿಗೆಗೆ ಓಡಿದೆ. ಒಂದು ಗಂಟೆಯ ಮೇಲೆ ಕರು ಉಸಿರಾಡಿತು, ತಾಯಿ ನೆಕ್ಕತೊಡಗಿತು. ಹೊರಗೆ ಬಂದರೆ ಸ್ಟ್ಯಾಂಡಿನ ತುದಿ ಹಸಿ ಮಣ್ಣಿನೊಳಗೆ ಪೂರಾ ಇಳಿದು ಬೈಕು ಎಡಮಗ್ಗುಲಿಗೆ ಮಲಗಿತ್ತು. ಮನೆಯ ಯಜಮಾನರಿಗೆ ಎಪ್ಪತ್ತು ದಾಟಿತ್ತು. "ತಡೀರಿ ಡಾಕ್ಟ್ರಮ್ಮ, ಆಳು ಕರೀತೀನಿ" ಅಂದರು. ಆ ಹೊತ್ತಿನಲ್ಲಿ ಆಳನ್ನು ಎಲ್ಲಿಂದ ಕರೆಯುವುದು?

ಬಿದ್ದ ಬೈಕನ್ನು ತೋಳಿನ ಬಲದಿಂದ ಎತ್ತಲು ಹೋದರೆ ಬೆನ್ನು ಉಳುಕುತ್ತದೆ. ಕಾಲಿನಿಂದ ಎತ್ತಬೇಕು. ಮೊದಲು ಚಾವಿ ಆಫ್ ಮಾಡಿ, ಸಾಧ್ಯವಾದರೆ ಮೊದಲ ಗೇರಿಗೆ ಹಾಕಬೇಕು, ಇಲ್ಲದಿದ್ದರೆ ಚಕ್ರ ಉರುಳುತ್ತದೆ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಬೇಕು. ಆಮೇಲೆ ಬೈಕಿಗೆ ಬೆನ್ನು ಹಾಕಿ ಕುಕ್ಕರುಗಾಲಿನಲ್ಲಿ ಕೂತು, ಸೊಂಟವನ್ನು ಸೀಟಿನ ಅಂಚಿಗೆ ಒತ್ತಬೇಕು. ಎಡಕ್ಕೆ ಬಿದ್ದ ಬೈಕಾದರೆ ಬಲಗೈಯಲ್ಲಿ ಹ್ಯಾಂಡಲಿನ ತುದಿ, ಎಡಗೈಯಲ್ಲಿ ಹಿಂದಿನ ಕಂಬಿ. ಬೆನ್ನು ನೆಟ್ಟಗಿಟ್ಟು ಸಣ್ಣ ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ನಡೆಯುತ್ತ ಹೋದರೆ ಬೈಕು ನಿಧಾನ ಏಳುತ್ತದೆ. ಮುಕ್ಕಾಲು ಎದ್ದ ಮೇಲೆ ಹಗುರಾಗುತ್ತದೆ. ಎಚ್ಚರ ಬೇಕಾಗುವುದು ಆಗಲೇ, ಜೋರಾಗಿ ತಳ್ಳಿದರೆ ಆಚೆ ಬದಿಗೆ ಉರುಳುತ್ತದೆ. ಆ ರಾತ್ರಿ ನಾನು ಮೂರನೇ ಸಲಕ್ಕೆ ಎತ್ತಿದೆ. ಮಾರನೇ ದಿನದಿಂದ ಚೀಲದಲ್ಲಿ ಅಂಗೈ ಅಗಲದ ಒಂದು ಹಲಗೆ ಚೂರು ಇದೆ. ಮಣ್ಣಿನ ಅಂಗಳದಲ್ಲಿ ಅದನ್ನು ಸ್ಟ್ಯಾಂಡಿನ ಕೆಳಗೆ ಇಡದೆ ಬೈಕು ಬಿಟ್ಟು ಹೋಗುವುದಿಲ್ಲ.

ದುಡ್ಡಿನ ಮಾತು

ದಿನಕ್ಕೆ 40 ಕಿಲೋಮೀಟರ್, ವರ್ಷಕ್ಕೆ 300 ದಿನ ಅಂದರೆ 12,000 ಕಿಲೋಮೀಟರ್. ನನ್ನ ಬೈಕು ಲೀಟರಿಗೆ 33ರ ಆಸುಪಾಸು ಕೊಡುತ್ತದೆ. ವರ್ಷಕ್ಕೆ ಸುಮಾರು 364 ಲೀಟರ್ ಪೆಟ್ರೋಲು ಬೇಕು. ಲೀಟರಿಗೆ 60 ಕೊಡುವ ಚಿಕ್ಕ ಬೈಕಿಗೆ 200 ಲೀಟರ್ ಸಾಕು. ಲೀಟರಿಗೆ 100 ರೂಪಾಯಿ ಎಂದೇ ಹಿಡಿದರೂ ವ್ಯತ್ಯಾಸ ವರ್ಷಕ್ಕೆ 16,000 ದಾಟುತ್ತದೆ. ಇದರ ಮೇಲೆ ಟಯರು ದುಬಾರಿ, ಚೈನು ದುಬಾರಿ, ಬ್ರೇಕ್ ಪ್ಯಾಡು ದುಬಾರಿ. ಸಾಲ ಮಾಡಿ ಕೊಳ್ಳುವವರು ತಿಂಗಳ ಕಂತಿನ ಜೊತೆ ಈ ಖರ್ಚನ್ನೂ ಕೂಡಿಸಿ ನೋಡಬೇಕು.

ನನಗೆ ಈ 16,000 ಭಾರವಾಗಿಲ್ಲ, ಏಕೆಂದರೆ ಆ ಏರು ನನ್ನ ದಾರಿಯಲ್ಲಿದೆ, ಆ ಜಾಡಿ ನನ್ನ ಹಿಂದಿನ ಸೀಟಿನಲ್ಲಿದೆ. ದಾರಿ ಸಪಾಟಾಗಿದ್ದು, ದಿನಕ್ಕೆ ಹತ್ತು ಹದಿನೈದು ಕಿಲೋಮೀಟರ್ ಓಡಾಟವಿದ್ದವರಿಗೆ ನಾನು ಈ ಗಾತ್ರ ಬೇಡ ಎಂದೇ ಹೇಳುತ್ತೇನೆ. ಪೇಟೆಯ ಟ್ರಾಫಿಕ್ಕಿನಲ್ಲಿ ಹೆಜ್ಜೆಗೊಮ್ಮೆ ಕ್ಲಚ್ ಹಿಡಿಯುವವರ ಎಡಗೈ ಸಂಜೆಗೆ ಸೋಲುತ್ತದೆ, ಗಾಳಿಯಿಂದ ತಣಿಯುವ ಇಂಜಿನ್ನಿನ ಕಾವು ನಿಂತಲ್ಲೇ ನಿಂತಾಗ ಕಾಲಿಗೆ ತಾಗುತ್ತದೆ. ಸ್ಕೂಟರಿನಿಂದ ಬರುವ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು: ನಿಮ್ಮ ಲೈಸೆನ್ಸು ಗೇರಿಲ್ಲದ ವಾಹನದ್ದೋ, ಗೇರಿನದ್ದೋ ತೆಗೆದು ನೋಡಿ. ಗೇರಿಲ್ಲದ್ದಾದರೆ ಮೊದಲು ಆರ್‌ಟಿಒದಲ್ಲಿ ಗೇರಿನದ್ದನ್ನು ಸೇರಿಸಿಕೊಳ್ಳಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆಯ ವಿಷಯದಲ್ಲೂ ತೊಡಕಾಗುತ್ತದೆ.

ಭಾನುವಾರದ ಚೈನು

ದಿನವೂ ದುಡಿಯುವ ಬೈಕಿಗೆ ವಾರಕ್ಕೊಮ್ಮೆ ಅರ್ಧ ಗಂಟೆ ಕೊಡಲೇಬೇಕು. ನನ್ನದು ಭಾನುವಾರ ಬೆಳಿಗ್ಗೆ, ತಿಂಡಿಗೆ ಮೊದಲು. ಸೆಂಟರ್ ಸ್ಟ್ಯಾಂಡ್ ಹಾಕಿ, ಗೇರು ನ್ಯೂಟ್ರಲ್ ಮಾಡಿ, ಚಾವಿ ತೆಗೆದು ಜೇಬಿಗೆ ಹಾಕಿಕೊಳ್ಳುತ್ತೇನೆ. ಹಿಂದಿನ ಚಕ್ರವನ್ನು ಕೈಯಲ್ಲೇ ತಿರುಗಿಸಬೇಕು. ಇಂಜಿನ್ ಓಡಿಸುತ್ತ ಚೈನು ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ. ಹಳೇ ಹಲ್ಲುಜ್ಜುವ ಬ್ರಶ್ಶನ್ನು ಸೀಮೆಎಣ್ಣೆಯಲ್ಲಿ ಅದ್ದಿ ಕೊಂಡಿ ಕೊಂಡಿಗೂ ಉಜ್ಜಿದರೆ ವಾರದ ಕೆಮ್ಮಣ್ಣೆಲ್ಲ ಕಪ್ಪು ರಾಡಿಯಾಗಿ ಇಳಿಯುತ್ತದೆ. ತಂತಿಯ ಬ್ರಶ್ಶು ಬೇಡ. ಕೊಂಡಿಗಳ ನಡುವೆ ಗ್ರೀಸನ್ನು ಕಾಯುವ ಸಣ್ಣ ರಬ್ಬರ್ ಉಂಗುರಗಳಿವೆ, ಅವು ಹರಿಯುತ್ತವೆ. ಬಟ್ಟೆಯಲ್ಲಿ ಒರೆಸಿ, ಆರಿದ ಮೇಲೆ 90ರ ಗೇರ್ ಆಯಿಲನ್ನು ಚೈನಿನ ಒಳಮೈಗೆ ಹನಿಹನಿಯಾಗಿ ಬಿಟ್ಟು, ಹೆಚ್ಚಾದದ್ದನ್ನು ಮತ್ತೆ ಒರೆಸಬೇಕು. ಹೆಚ್ಚಾದ ಎಣ್ಣೆ ಮಣ್ಣನ್ನು ಕರೆದು ಕೂರಿಸಿಕೊಳ್ಳುತ್ತದೆ. ಸಾಮಾನ್ಯವಾಗಿ 500 ಕಿಲೋಮೀಟರಿಗೊಮ್ಮೆ ಸಾಕು. ನಮ್ಮ ಪುಷ್ಯ, ಆಶ್ಲೇಷ ಮಳೆಗಳಲ್ಲಿ ಅಷ್ಟಕ್ಕೆ ಕಾಯುವ ಹಾಗಿಲ್ಲ.

ಚೈನಿನ ನಂತರ ಟಯರು. ವಾರಕ್ಕೊಮ್ಮೆ, ಬೈಕು ತಣ್ಣಗಿರುವಾಗ ಗಾಳಿ ನೋಡಬೇಕು. ಓಡಿ ಬಿಸಿಯಾದ ಟಯರು ಇಲ್ಲದ ಗಾಳಿಯನ್ನು ಇದೆ ಎಂದು ತೋರಿಸುತ್ತದೆ. ನನ್ನ ಬೈಕಿನದು ಟ್ಯೂಬ್‌ಲೆಸ್ ಟಯರು. ಮೊಳೆ ಹೊಕ್ಕರೂ ಗಾಳಿ ಒಮ್ಮೆಗೇ ಇಳಿಯುವುದಿಲ್ಲ, ಕಾಡಿನ ನಡುವಿನಿಂದ ಪಂಕ್ಚರ್ ಅಂಗಡಿಯವರೆಗೆ ಬರಲು ಅವಕಾಶ ಕೊಡುತ್ತದೆ. ಪಂಕ್ಚರ್ ಬತ್ತಿ ಹಾಕುವುದನ್ನು ನಾನೇ ಕಲಿತಿದ್ದೇನೆ, ಚೀಲದಲ್ಲಿ ಆ ಕಿಟ್ ಇದೆ.

ಮೂರನೆಯದು ಬ್ಯಾಟರಿ. ಈ ಬೈಕಿಗೆ ಕಿಕ್ಕರಿಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಬೈಕುಗಳಲ್ಲಿ ಇಂಜಿನ್ನಿಗೆ ಪೆಟ್ರೋಲು ಹೋಗುವುದೂ ಹೆಚ್ಚಾಗಿ ವಿದ್ಯುತ್ ಪಂಪಿನಿಂದ. ಬ್ಯಾಟರಿ ಪೂರ್ತಿ ಸತ್ತರೆ ಇಳಿಜಾರಿನಲ್ಲಿ ದೂಡಿ ಸ್ಟಾರ್ಟ್ ಮಾಡುವ ಹಳೇ ಉಪಾಯ ನಡೆಯುವುದಿಲ್ಲ. ಹಾಗಾಗಿ ಸೆಲ್ಫ್ ಒತ್ತಿದಾಗ ಒಂದು ದಿನ ದನಿ ಕುಗ್ಗಿತೆಂದರೆ ಅದೇ ದಿನ ತೋರಿಸುತ್ತೇನೆ. ದಿನವೂ ಓಡುವ ಬೈಕಿಗೆ ಈ ವಿಷಯದಲ್ಲಿ ಒಂದು ಲಾಭವಿದೆ. ತಿಂಗಳುಗಟ್ಟಲೆ ನಿಂತ ಬೈಕಿನ ಬ್ಯಾಟರಿ ನಿಂತಲ್ಲೇ ಸಾಯುತ್ತದೆ, ಓಡುವ ಬೈಕಿನದು ದಿನವೂ ಚಾರ್ಜಾಗುತ್ತದೆ.

ಒಂದನ್ನು ಮಾತ್ರ ಮುಟ್ಟಬೇಡಿ ಎನ್ನುತ್ತೇನೆ, ಅದು ಸೈಲೆನ್ಸರು. ಕಂಪನಿಯದನ್ನು ತೆಗೆದು ಗುಡುಗುವಂಥದ್ದನ್ನು ಹಾಕಿಸುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಆ ಸದ್ದಿಗೆ ಕಟ್ಟಿದ ಹಸು ಹಗ್ಗ ಜಗ್ಗಿ ಬೀಳುವುದನ್ನು, ಗಬ್ಬದ ಹಸು ಬೆದರಿ ಜಾರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಬೈಕು ಉಣುಗೋಲಿನ ಹತ್ತಿರ ಬಂದರೂ ಕೊಟ್ಟಿಗೆಯಲ್ಲಿ ಮೆಲುಕು ನಿಲ್ಲಬಾರದು.

ನಿಲ್ಲಿಸುವ ವಿದ್ಯೆ

ಭಾರದ ಬೈಕನ್ನು ಓಡಿಸುವುದನ್ನು ಎರಡು ದಿನದಲ್ಲಿ ಕಲಿಯಬಹುದು. ನಿಲ್ಲಿಸುವುದನ್ನು ಬೇರೆಯಾಗಿ, ಖಾಲಿ ಮೈದಾನದಲ್ಲಿ, ಮತ್ತೆ ಮತ್ತೆ ಕಲಿಯಬೇಕು. ಬ್ರೇಕ್ ಹಾಕಿದಾಗ ಬೈಕಿನ ಭಾರ ಮುಂದಿನ ಚಕ್ರಕ್ಕೆ ಸರಿಯುತ್ತದೆ. ನೆಲದ ಹಿಡಿತವೂ ಅಲ್ಲೇ ಹೆಚ್ಚುತ್ತದೆ. ಹಾಗಾಗಿ ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಬ್ರೇಕಿನದು. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತದೆ ಎಂಬ ಭಯದಿಂದ ಹಿಂದಿನದನ್ನೇ ತುಳಿಯುವವರು ನಮ್ಮಲ್ಲಿ ಬಹಳ. ಎರಡನ್ನೂ ಒಟ್ಟಿಗೆ, ಹಿಂಡುವ ಹಾಗೆ, ಒತ್ತಡವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹಿಡಿಯಬೇಕು. 2019ರ ಏಪ್ರಿಲ್‌ನಿಂದ 125 ಸಿಸಿ ದಾಟಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ. ಚಕ್ರ ತಿರುಗುವುದು ನಿಂತು ಜಾರತೊಡಗಿದರೆ ಅದು ಬ್ರೇಕನ್ನು ಕ್ಷಣ ಬಿಟ್ಟು ಮತ್ತೆ ಹಿಡಿಯುತ್ತದೆ. ಲಿವರಿನಲ್ಲಿ ಕಟಕಟ ಅನ್ನುವುದು ಅದೇ. ಹೆದರಿ ಕೈ ಬಿಡಬಾರದು.

ಎಬಿಎಸ್ ಇದ್ದರೂ ಲೆಕ್ಕ ಬದಲಾಗುವುದಿಲ್ಲ. ಗಂಟೆಗೆ 60ರಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಎದುರಿಗೆ ಏನೋ ಬಂತೆಂದು ಕಣ್ಣಿಗೆ ಕಂಡು, ಮನಸ್ಸಿಗೆ ತಿಳಿದು, ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಅಷ್ಟು ದೂರ ಕಳೆದಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಒದ್ದೆ ರಸ್ತೆಯಲ್ಲಿ ಅದೂ ಮೀರುತ್ತದೆ. ಮಳೆಗಾಲದಲ್ಲಿ ಆಗುಂಬೆಯ ಕಡೆ ಹೋಗುವಾಗ ತಿರುವಿನ ಆಚೆ ಏನಿದೆ ಎಂದು ಕಾಣುವುದಿಲ್ಲ. ನಾನು ಪಾಲಿಸುವುದು ಒಂದೇ ನಿಯಮ: ಕಣ್ಣಿಗೆ ಕಾಣುವ ರಸ್ತೆಯ ಅರ್ಧದಲ್ಲಿ ನಿಲ್ಲಿಸಲು ಆಗುವಷ್ಟೇ ವೇಗ.

ನಮ್ಮ ರಸ್ತೆಯಲ್ಲಿ ಕಾಣದ ತಿರುವಿನ ಆಚೆ ಇರುವುದು ಬಹಳ ಸಲ ದನ. ಇದರಲ್ಲಿ ನನ್ನ ಓದು ನನ್ನ ಸವಾರಿಗೆ ನೆರವಾಗಿದೆ. ರಸ್ತೆ ದಾಟುತ್ತಿರುವ ಹಸು ಹಿಂದಕ್ಕೆ ನಡೆಯುವುದು ತೀರಾ ಅಪರೂಪ. ಹಾಗಾಗಿ ನಿಧಾನಿಸಿ ಬಾಲದ ಕಡೆಯಿಂದ ಹೋಗಬೇಕು, ಎಂದೂ ಮುಖದ ಮುಂದಿನಿಂದ ಅಲ್ಲ. ಹಸು ದಾಟಿದರೂ ಕರು ಈಚೆ ಉಳಿದಿದ್ದರೆ ಬೈಕು ನಿಲ್ಲಿಸಿಬಿಡಬೇಕು. ಕರು ತಾಯಿಯ ಕಡೆಗೆ ಓಡುತ್ತದೆ, ಅದಕ್ಕೆ ನಿಮ್ಮ ಬೈಕು ಲೆಕ್ಕಕ್ಕಿಲ್ಲ. ಮಲೆನಾಡು ಗಿಡ್ಡ ಚಿಕ್ಕ ಮೈಯ ಚುರುಕು ತಳಿ, ಹಾರನ್ನಿಗೆ ಬೆದರಿ ಯಾವ ಕಡೆಗಾದರೂ ನೆಗೆಯುತ್ತದೆ. ಎಮ್ಮೆ ಹಾರನ್ನಿಗೆ ಜಪ್ಪಯ್ಯ ಎನ್ನುವುದಿಲ್ಲ. ಎರಡಕ್ಕೂ ಹಾರನ್ ಹೊಡೆದು ಪ್ರಯೋಜನವಿಲ್ಲ.

ಹೆಲ್ಮೆಟಿನ ವಿಷಯದಲ್ಲಿ ರಿಯಾಯಿತಿ ಇಲ್ಲ. ಐಎಸ್‌ಐ ಗುರುತಿರಬೇಕು, ಗಲ್ಲದ ಪಟ್ಟಿ ಬಿಗಿದಿರಬೇಕು, ಹಿಂದೆ ಕೂತವರಿಗೂ ಇರಬೇಕು. ಕರೆಯಲು ಬಂದ ರೈತರು "ಇಲ್ಲೇ ಹತ್ರ, ಬೇಡ ಬಿಡಿ" ಅಂದರೂ ನನ್ನ ಹತ್ತಿರ ಇರುವ ಎರಡನೇ ಹೆಲ್ಮೆಟ್ ಅವರ ತಲೆಗೆ ಹೋದ ಮೇಲೆಯೇ ಬೈಕು ಹೊರಡುತ್ತದೆ.

ಸಂಕದ ಬಳಿ

ಪುನರ್ವಸು ಮಳೆ ಒಂದು ದಿನ ಹೊಳವಾದಾಗ ಆ ಪಶುಸಖಿಯ ದಾರಿ ನೋಡಲು ಹೋದೆ. ತಾರು ಮುಗಿದು, ಮಣ್ಣಿನ ದಾರಿ ಮುಗಿದು, ಹಳ್ಳದ ದಂಡೆಯಲ್ಲಿ ಬೈಕು ನಿಲ್ಲಿಸಿ ಸ್ಟ್ಯಾಂಡಿನ ಕೆಳಗೆ ಹಲಗೆ ಇಟ್ಟೆ. ಆಚೆ ದಡದಲ್ಲಿ ಅವಳ ಮನೆ. ನಡುವೆ ಒಂದು ಸಂಕ. ಮೂರು ಮರದ ದಿಮ್ಮಿ ಜೋಡಿಸಿ ಮೇಲೆ ಅಡಿಕೆ ದಬ್ಬೆ ಹೊಡೆದದ್ದು, ಅಗಲ ಹೆಚ್ಚೆಂದರೆ ಎರಡು ಮೊಳ. ಕೆಳಗೆ ಕೆಂಪು ನೀರು ಸುತ್ತುತ್ತಿತ್ತು.

ಅವಳ ತಮ್ಮ ತನ್ನ 100 ಸಿಸಿ ಬೈಕನ್ನು ದಾಟಿಸುತ್ತಿದ್ದ. ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಸೀಟಿಗೆ. ಬೈಕಿನ ಪಕ್ಕ ನಡೆಯಲು ಜಾಗವಿಲ್ಲದ್ದರಿಂದ ಅವನು ಅದರ ಹಿಂದೆ ಓರೆಯಾಗಿ ಹೆಜ್ಜೆ ಇಡುತ್ತಿದ್ದ. ನಡುವೆ ಒಮ್ಮೆ ಬೈಕು ಹಳ್ಳದ ಕಡೆಗೆ ವಾಲಿತು. ತೋಳು ಬಿಗಿದು ಎಳೆದು ನೆಟ್ಟಗೆ ಮಾಡಿಕೊಂಡ. ಈಚೆ ದಡಕ್ಕೆ ಬಂದು ಉಸಿರು ಬಿಟ್ಟ.

ನಾನು ಏನೂ ಹೇಳಲಿಲ್ಲ. ಅವಳು ತಮ್ಮನ ಬೈಕನ್ನು ನೋಡಿದಳು, ನನ್ನದನ್ನು ನೋಡಿದಳು, ಸಂಕವನ್ನು ನೋಡಿದಳು.

"ನಿಮ್ದು ಎಷ್ಟು ತೂಕ ಡಾಕ್ಟ್ರೇ?"

"191."

"ವಾಲಿದ್ರೆ ಹಿಡಿಯೋಕೆ ಆಗಲ್ಲ ಅಲ್ವಾ?"

"ಆಗಲ್ಲ. ಕಾಲು ಊರೋಕೂ ಇಲ್ಲಿ ನೆಲ ಇಲ್ಲ."

ಅವಳ ದಿನದ ಕಷ್ಟದ ಐದು ನಿಮಿಷ ಅಲ್ಲಿತ್ತು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಅವಳ ಸುತ್ತಾಟವೆಲ್ಲ ಸೇರಿದರೂ ಎಂಟು ಹತ್ತು ಕಿಲೋಮೀಟರ್. ಸದ್ಯಕ್ಕೆ ಹಗುರಾದ ಗೇರಿನ ಬೈಕು ತಗೊ, ಅದಕ್ಕೆ ಮೊದಲು ಗೇರಿನ ಲೈಸೆನ್ಸು ಮಾಡಿಸು ಅಂದೆ. ಸಂಕದ ಜಾಗಕ್ಕೆ ಕಾಂಕ್ರೀಟಿನ ಸೇತುವೆ ಬರುತ್ತದೆ ಎಂದು ಅಳತೆ ಮಾಡಿಕೊಂಡು ಹೋಗಿದ್ದಾರಂತೆ.

ಹೊರಡುವಾಗ ಬೈಕು ತಿರುಗಿಸಲು ಜಾಗ ಸಾಲದೆ ಹಿಂದೆಮುಂದೆ ಮಾಡುತ್ತಿದ್ದೆ. ಅವಳು ಬಂದು ಹಿಂದಿನ ಕಂಬಿ ಹಿಡಿದು, ನನ್ನ ಜೊತೆ ದಂಡೆಯ ಏರಿಗೆ ದೂಡಿದಳು. ತೂಕ ಅವಳ ಕೈಗೆ ಬಂದದ್ದು ಆಗ.

"ಸೇತುವೆ ಆದ ದಿನ ಫೋನ್ ಮಾಡ್ತೀನಿ ಡಾಕ್ಟ್ರೇ" ಅಂದಳು. "ಇದೇ ಬೈಕಲ್ಲಿ ಬನ್ನಿ. ಓಡಿಸೋಕೆ ಮೊದ್ಲು ಒಂದ್ಸಲ ಆಚೆ ದಡದವರೆಗೆ ನಾನೇ ದೂಡಿ ನೋಡ್ತೀನಿ."